ಚಾ ಯಾವಾಗ ಬಿಟ್ಟಿ?

ಪಕ್ಕದ ಮನೆಯ ಆಯಿ ಕೇಳಿದ್ದು ಇಷ್ಟೇ. ಬುಧವಾರ ಸಂಜೆ, ಜಿಟಿಜಿಟಿ ಮಳೆಯಲ್ಲಿ, ಕಂಪೌಂಡಿನ ಆಚೆ ಕೊಡೆ ಹಿಡಿದು ನಿಂತು. ಇವತ್ತು ಶನಿವಾರ. ಆ ಮಾತು ಇನ್ನೂ ನನ್ನ ಕಿವಿ ಬಿಟ್ಟಿಲ್ಲ.

ಹಿಂದಿನ ಭಾನುವಾರ ತಂಗಿ ಪುಣೆಯಿಂದ ಬೆಳಗಾವಿಗೆ ಬಂದಿದ್ದಳು. ಬರುವಾಗ ಚಂದದ ಒಂದು ಡಬ್ಬಿ ತಂದಳು. ಒಳಗೆ ಕ್ಯಾಮೊಮೈಲ್ ಹೂವಿನ 25 ಪುಟ್ಟ ಚೀಲ. ‘ಅಣ್ಣಾ, ನಿನ್ನ ತೆಲಿಬ್ಯಾನಿಗೆ ಇದ ಔಷಧ. ಆ ಸಕ್ಕರಿ ಚಾ ಬಿಟ್ಟು ಇದನ್ನ ಕುಡಿ’ ಅಂದಳು. ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಲೆಕ್ಕ ಬರೆಯುವ ಕೆಲಸ. ವಾರಕ್ಕೊಮ್ಮೆ ತಲೆ ಹಿಡಿಯುವುದು ಮಾಮೂಲು. ತಂಗಿ ಒಳ್ಳೆಯವಳೇ. ಆದರೆ ವರ್ಷಕ್ಕೊಂದು ಹೊಸ ನಂಬಿಕೆ ಹಿಡಿದು ಬರುತ್ತಾಳೆ. ಹೋದ ವರ್ಷ ಸೋರೆಕಾಯಿ ರಸ, ಅದಕ್ಕೂ ಮೊದಲು ಬಿಸಿನೀರಿಗೆ ಜೇನು. ಬಿಟ್ಟುಬಿಡು ಎಂದು ಹೇಳುವುದರಲ್ಲಿ ಅವಳಿಗೊಂದು ಸಂತೋಷ.

ನನಗೂ ಯಾಕೋ ಹುರುಪು ಬಂತು. ದಿನಕ್ಕೆ ಆರು ಚಹಾ ಕುಡಿಯುವವನು ನಾನು. ಎದ್ದ ಕೂಡಲೇ ಒಂದು, ಸ್ನಾನವಾದ ಮೇಲೆ ಒಂದು, ಆಫೀಸಿನಲ್ಲಿ ಮೂರು, ಸಂಜೆ ಮನೆಯಲ್ಲಿ ಒಂದು. ಯಾರಾದರೂ ಬಂದರೆ ಅರ್ಧ ಕಪ್ಪು ಬೇರೆ, ಅದು ಲೆಕ್ಕಕ್ಕಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿದೆ. ಹೆಂಡತಿ ‘ನೋಡೋಣ’ ಅಂದಳು. ಅವಳು ಹಾಗಂದರೆ ಆಗುವುದಿಲ್ಲ ಎಂದೇ ಅರ್ಥ.

ಸೋಮವಾರ ಬೆಳಿಗ್ಗೆ ಕ್ಯಾಮೊಮೈಲ್ ಕುಡಿದೆ. ನಮ್ಮ ಸೇವಂತಿಗೆಯ ಬಳಗದ ಹೂವಂತೆ ಅದು. ವಾಸನೆ ಚಲೋ ಇತ್ತು, ಸ್ವಲ್ಪ ಸೇಬಿನ ಹಾಗೆ. ರುಚಿ ಮಾತ್ರ ಹುಲ್ಲು ನೆನೆಸಿದ ನೀರು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಣತಲೆ ಭಾರವಾದವು. ಮಂಗಳವಾರ ಎದ್ದಾಗ ತಲೆಯೊಳಗೆ ಯಾರೋ ರುಬ್ಬುಗುಂಡು ತಿರುಗಿಸಿದ ಹಾಗಿತ್ತು. ಬೆಳಕು ಬೇಡ, ಮಾತು ಬೇಡ, ಆಕಳಿಕೆ ಬೇರೆ. ಹೆಂಡತಿ ಉಪ್ಪಿಟ್ಟು ತಂದಿಟ್ಟರೆ ಸುಮ್ಮಸುಮ್ಮನೆ ಅವಳ ಮೇಲೆ ರೇಗಿದೆ.

ಆಫೀಸಿಗೆ ಹೋದೆ. ತಲೆ ಹಿಡಿದುಕೊಂಡು ಕೂತವನನ್ನು ನಮ್ಮ ಊರಲ್ಲಿ ಯಾರೂ ಸುಮ್ನೆ ಬಿಡುವುದಿಲ್ಲ. ಒಬ್ಬರು ಅಲ್ಲ ಜಜ್ಜಿ ಕುದಿಸಿ ಕುಡೀರಿ ಅಂದರು. (ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗ ‘ಯಾವುದಲ್ಲ ಸರ್?’ ಎಂದು ಕೇಳಿದ. ಅಲ್ಲ ಅಂದರೆ ಹಸಿ ಶುಂಠಿ ಕಣಪ್ಪಾ ಎಂದು ಹೇಳುವಷ್ಟರಲ್ಲಿ ನನ್ನ ತಲೆ ಇನ್ನೊಂದು ಸುತ್ತು ತಿರುಗಿತು.) ಇನ್ನೊಬ್ಬರು ಹವೀಜ (ಕೊತ್ತಂಬರಿ ಬೀಜ), ಜೀರಗಿ ಹುರಿದು ಕಷಾಯ ಮಾಡಿ ಅಂದರು. ತುಳಸಿಯ ಜೊತೆ ನಾಕು ಮೆಣಸಿನ ಕಾಳು ಅಂದವರೊಬ್ಬರು. ಪುದೀನಾ ಅಂದವರೊಬ್ಬರು. ಮ್ಯಾನೇಜರು ಮಾತ್ರ ಬಾಗಿಲಲ್ಲಿ ನಿಂತು ‘ಏನ್ರೀ, ಇನ್ನೂ ನೋವೇನು?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಅವರದ್ದು ಯಾವಾಗಲೂ ಹಾಗೇ.

ನಾನು ಎಲ್ಲವನ್ನೂ ಕುಡಿದೆ. ಸಂಜೆ ರವಿವಾರ ಪೇಟೆಗೆ ಹೋಗಿ ಹವೀಜ, ಒಣ ಸುಂಠಿ, ಮೆಣಸು ಕಟ್ಟಿಸಿಕೊಂಡು ಬಂದೆ. ಅಂಗಡಿಯವನೂ ಬಿಡಲಿಲ್ಲ. ಸುಂಠಿ ತೇಯ್ದು ಹಣೆಗೆ ಹಚ್ಚಿಕೊಳ್ಳಿ ಎಂದು ಪುಕ್ಕಟೆ ಸಲಹೆ ಕೊಟ್ಟ. ಹಚ್ಚಿಕೊಂಡೆ. ಹಣೆ ಉರಿಯಿತು. ಆ ಉರಿಯಲ್ಲಿ ಹತ್ತು ನಿಮಿಷ ನೋವು ಮರೆತದ್ದು ನಿಜ. ಸೋಮವಾರ ಒಂದು, ಮಂಗಳವಾರ ಒಂದು ಗುಳಿಗೆಯೂ ಆಯಿತು. ಬುಧವಾರಕ್ಕೆ ರಜೆ ಹಾಕಿದೆ.

ಅವತ್ತು ಸಂಜೆ ಹಿತ್ತಲಿಗೆ ಹೋದದ್ದು ಗವತಿ ಚಹಾ ಕೀಳಲು. ಆ ಲಿಂಬೆ ವಾಸನೆಯ ಹುಲ್ಲು ಬೆಳಗಾವಿಯಲ್ಲಿ ಎಷ್ಟೋ ಮನೆಗಳ ಕುಂಡದಲ್ಲಿದೆ. ಮರಾಠಿ ಹೆಸರು, ನಮ್ಮ ಬಾಯಲ್ಲೂ ಅದೇ ನಿಂತಿದೆ. ಎಲೆಯ ಅಂಚು ಬೆರಳು ಕೊಯ್ಯುವಷ್ಟು ಹರಿತ. ಅದನ್ನೊಂದು ಕುದಿಸೋಣ, ಉಳಿದದ್ದು ಅದೊಂದೇ, ಎಂದುಕೊಂಡು ಬಗ್ಗಿದ್ದೆ. ಆಚೆಯಿಂದ ಆಯಿ ನೋಡಿದರು. ಅವರು ಬೈಲಹೊಂಗಲ ಕಡೆಯವರು. ಎಪ್ಪತ್ತು ದಾಟಿದೆ. ಮಾತು ಕಡಿಮೆ, ಇದ್ದ ಮಾತು ನೇರ.

‘ಯಾಕ ತಮ್ಮಾ, ಮಾರಿ ಹಂಗ್ಯಾಕ ಆಗೇತಿ?’

ತೆಲಿ ನೋವು ಆಯಿ, ಮೂರು ದಿನ ಆತು ಅಂದೆ. ಸೋಮವಾರದಿಂದ ಏನೇನು ಕುಡಿದೆನೋ ಎಲ್ಲ ವರದಿ ಒಪ್ಪಿಸಿದೆ, ಪುಣೆಯ ಡಬ್ಬಿಯಿಂದ ಹಿಡಿದು. ಅವರು ಎಲ್ಲ ಕೇಳಿದರು. ಆಮೇಲೆ ಕೇಳಿದರು.

‘ಚಾ ಯಾವಾಗ ಬಿಟ್ಟಿ?’

ರವಿವಾರ ರಾತ್ರಿ ಅಂದೆ. ‘ನೋವು ಯಾವಾಗ ಬಂತು?’ ಸೋಮವಾರ ಮಧ್ಯಾಹ್ನ ಅಂದೆ. ಅಂದ ಮೇಲೆ ನನಗೇ ಬಾಯಿ ಕಟ್ಟಿತು. ಲೆಕ್ಕ ಬರೆಯುವವನು ನಾನು! ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆಯಿ ನಗಲೂ ಇಲ್ಲ. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಬಂದು ಕೂತಿತು. ಚಹಾಪುಡಿ, ಹಾಲು, ಬೆಲ್ಲ, ಜಜ್ಜಿದ ಅಲ್ಲ, ಗಂಟು ಕಟ್ಟಿ ಹಾಕಿದ ಗವತಿ ಎಲೆ. ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯಿತು. ಯಾರೋ ದೀಪ ಆರಿಸಿದ ಹಾಗೆ.

ಗುರುವಾರ ನಮ್ಮ ಡಾಕ್ಟರ್ ಹತ್ತಿರ ಹೋದೆ, ಸುಮ್ನೆ ಸಮಾಧಾನಕ್ಕೆ. ಕೆಫೀನ್ ತಲೆಯ ರಕ್ತನಾಳಗಳನ್ನು ಸ್ವಲ್ಪ ಬಿಗಿ ಹಿಡಿದಿರುತ್ತದಂತೆ. ಒಮ್ಮೆಲೇ ನಿಲ್ಲಿಸಿದರೆ ಅವು ಸಡಿಲಾಗುತ್ತವೆ, ರಕ್ತದ ಹರಿವು ಜಾಸ್ತಿಯಾಗಿ ತಲೆ ಸಿಡಿಯುತ್ತದೆ. ಬಿಟ್ಟ 12ರಿಂದ 24 ಗಂಟೆಯೊಳಗೆ ಶುರು, ಒಂದೆರಡು ದಿನದಲ್ಲಿ ಜೋರು, ಕೆಲವರಿಗೆ ಒಂಬತ್ತು ದಿನದವರೆಗೂ ಎಳೆಯುತ್ತದೆ. ಒಂದು ಕಪ್ಪು ಚಹಾದಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ ಎಂದರು. ನನ್ನ ಆರು ಕಪ್ಪು ಗುಣಿಸಿ ನೋಡಿಕೊಳ್ಳಿ. ದಿನಕ್ಕೆ 100 ಮಿಲಿಗ್ರಾಂ ರೂಢಿಯಾದವರಿಗೂ ಈ ಕಾಟ ಬರಬಹುದು. ತಂಗಿಯ ಹೂವಿನ ನೀರಿನಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅದನ್ನು ಟೀ ಅನ್ನುವುದೇ ತಪ್ಪು, ಅಲ್ವಾ? ಚಹಾ ಗಿಡದ ಒಂದು ಎಲೆಯೂ ಅದರಲ್ಲಿಲ್ಲ. ಕೆಲವು ತಲೆನೋವಿನ ಗುಳಿಗೆಗಳಲ್ಲೂ ಕೆಫೀನ್ ಇರುತ್ತದೆ ಅನ್ನುವುದು ನನಗೆ ಹೊಸ ಸುದ್ದಿ. ಬಿಡುವುದಾದರೆ ಎರಡು ಮೂರು ದಿನಕ್ಕೊಂದು ಕಪ್ಪಿನ ಹಾಗೆ ಇಳಿಸಿ ಅಂದರು.

ಆಮೇಲೆ ಅವರೂ ಕೇಳುತ್ತಾ ಹೋದರು. ನೀರು ಎಷ್ಟು ಕುಡಿಯುತ್ತೀರಿ? ನಿದ್ದೆ? ಚಷ್ಮಾದ ನಂಬರ್ ಯಾವಾಗ ತೋರಿಸಿದ್ದಿರಿ? ತಿಂಗಳಿಗೆ ಎಷ್ಟು ಗುಳಿಗೆ? ಪ್ಯಾರಾಸಿಟಮಾಲ್‌ನಂಥದ್ದನ್ನು ತಿಂಗಳಲ್ಲಿ 15 ದಿನ, ಎರಡು ಮೂರು ಔಷಧ ಬೆರೆಸಿದ ಗುಳಿಗೆಯನ್ನು 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದಂತೆ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದ ನೋವು, ಕೈಕಾಲು ಸೋತು ಮಾತು ತೊದಲುವ ನೋವು, ಪೆಟ್ಟು ಬಿದ್ದ ಮೇಲಿನ ನೋವು ಇದ್ದರೆ ಕಷಾಯ ಕುದಿಸುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ ಎಂದು ಗದರಿಸಿಯೇ ಕಳಿಸಿದರು.

ಕಷಾಯವೆಂದರೆ ಬರೀ ನಂಬಿಕೆ ಎಂದು ಹೇಳುತ್ತಿಲ್ಲ. ಆ ರಾತ್ರಿ ಕೂತು ಹುಡುಕಿ ಓದಿದೆ. ಇರಾನಿನಲ್ಲಿ ಮೈಗ್ರೇನ್ ಇದ್ದ 100 ಜನರಲ್ಲಿ ಕೆಲವರಿಗೆ ಶುಂಠಿ ಪುಡಿ, ಉಳಿದವರಿಗೆ ಸುಮಾಟ್ರಿಪ್ಟಾನ್ ಎಂಬ ಮಾತ್ರೆ ಕೊಟ್ಟು ನೋಡಿದ್ದಾರೆ. ಎರಡು ಗಂಟೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡಿದವಂತೆ. 2014ರಲ್ಲಿ ಪ್ರಕಟವಾದದ್ದು. ಅದು ಅಳತೆ ಮಾಡಿ ಕೊಟ್ಟ ಪುಡಿ, ನನ್ನ ಜಜ್ಜಿದ ಅಲ್ಲವಲ್ಲ. (ಜಜ್ಜಿದ ಅಲ್ಲ, ಅಲ್ಲ. ಈ ಪದವೇ ಸರಿಯಿಲ್ಲ.) ಒಂದು ಲೋಟ ಬಿಸಿ ನೀರು ಒಳಗೆ ಹೋದರೆ, ನೀರು ಕಮ್ಮಿಯಾಗಿ ಬಂದ ನೋವು ಯಾವ ಸೊಪ್ಪು ಹಾಕಿದರೂ ಇಳಿಯುತ್ತದೆ, ಅದೂ ನಿಜ.

ಆದರೆ ನನ್ನನ್ನು ಕೊರೆದದ್ದು ಅದಲ್ಲ. ನನಗೆ ಅವ್ವನ ನೆನಪಾಯಿತು.

ಸವದತ್ತಿ ಹತ್ತಿರ ನಮ್ಮೂರು. ಅವ್ವನಿಗೆ ತಿಂಗಳಿಗೆ ಎರಡು ಮೂರು ಸಲ ಅರ್ಧ ತಲೆ ನೋಯುತ್ತಿತ್ತು. ಹಳೆಯ ಸೀರೆಯ ಪಟ್ಟಿ ಹರಿದು ಹಣೆಗೆ ಬಿಗಿದು, ಕತ್ತಲೆ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹೊರಗೆ ನಾವು ಗೋಲಿ ಆಡುತ್ತಾ ಕೂಗಾಡುತ್ತಿದ್ದೆವು. ಹೊತ್ತು ಏರಿದ ಹಾಗೆ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹವೀಜ, ಸುಂಠಿ, ಬೇವು ಎಂದು ಹೇಳಿ ಹೋಗುತ್ತಿದ್ದರು. ಅಪ್ಪ ಪೇಟೆಯಿಂದ ಅಮೃತಾಂಜನ ತರುತ್ತಿದ್ದ, ಅದು ಅವನ ಪಾಲಿನ ಕರ್ತವ್ಯ. ಅವನನ್ನು ಕೆಟ್ಟವನೆಂದು ಹೇಳಲಾರೆ. ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ತರುತ್ತಿದ್ದ.

ಅವ್ವ ಯಲ್ಲಮ್ಮನ ಒಕ್ಕಲು. ಮಂಗಳವಾರ, ಶುಕ್ರವಾರ ಒಪ್ಪತ್ತು. ಉಳಿದ ದಿನವೂ ಎಲ್ಲರದೂ ಉಂಡಾದ ಮೇಲೆಯೇ ಅವಳ ಊಟ, ಕೆಲವು ಸಲ ಮಧ್ಯಾಹ್ನ ಮೂರಕ್ಕೆ. ಹೊಟ್ಟೆ ಖಾಲಿ ಬಿಟ್ಟರೆ ಕೆಲವರಿಗೆ ಅರೆತಲೆನೋವು ಕೆರಳುತ್ತದೆ ಎಂದು ಡಾಕ್ಟರ್ ಗುರುವಾರ ಮಾತಿನ ನಡುವೆ ಹೇಳಿದರು. ನನಗಲ್ಲ, ಹಾಗೇ ಹೇಳಿದ್ದು. ನಾನು ಕುರ್ಚಿಯಲ್ಲಿ ಕೂತಲ್ಲೇ ಅವ್ವನ ಪಟ್ಟಿ ಕಟ್ಟಿದ ದಿನಗಳನ್ನು ಎಣಿಸತೊಡಗಿದೆ. ಎಷ್ಟು ಮಂದಿ ಬಂದು ಎಷ್ಟು ಬಗೆಯ ಕಷಾಯ ಹೇಳಿದರು! ‘ಬೆಳಿಗ್ಗೆ ಏನರ ತಿಂದೀಯೇನವ್ವಾ?’ ಎಂದು ಒಬ್ಬರೂ ಕೇಳಿದ ನೆನಪಿಲ್ಲ. ನಾನೂ ಕೇಳಿದವನಲ್ಲ. ಕಷಾಯದ ಲೋಟ ಒಯ್ದು ಕೊಟ್ಟು ಆಟಕ್ಕೆ ಓಡುತ್ತಿದ್ದೆ.

ನಿನ್ನೆ ರಾತ್ರಿ ಫೋನ್ ಮಾಡಿದೆ. ಅವಳೀಗ ಊರಲ್ಲೇ ಇದ್ದಾಳೆ, ಕಿವಿ ಸ್ವಲ್ಪ ಮಂದ. ಮಳೆ, ಎಮ್ಮೆ, ತಮ್ಮನ ಮಕ್ಕಳು ಎಲ್ಲ ಆದ ಮೇಲೆ ಕೇಳಿದೆ.

‘ಅವ್ವಾ, ಆವಾಗ ನಿನ್ನ ತೆಲಿ ನೋಯ್ತಿತ್ತಲ್ಲ. ಅವತ್ತ ಒಪ್ಪತ್ತ ಇರ್ತಿದ್ದೇನು?’

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

‘ಈಗ್ಯಾಕೋ ಅದು? ನಿನಗ ತೆಲಿ ನೋಯಾಕತ್ತೈತೇನು? ಎರಡು ಚಮಚೆ ಹವೀಜ ಕುದಿಸಿ ಕುಡಿ. ಸಕ್ಕರಿ ಹಾಕಬ್ಯಾಡ, ಬೆಲ್ಲ ಹಾಕು.’