ಸಿಂಗಪುರದಿಂದ ಜೋಹೋರ್ ಬಾರುಗೆ ಒಂದು ದಿನ: ಹುಬ್ಬಳ್ಳಿ ಬಿಡುವ ಮೊದಲೇ ನೋಡಿಕೊಳ್ಳಬೇಕಾದದ್ದು

ಸಿಂಗಪುರಕ್ಕೆ ಗುಂಪಿನಲ್ಲಿ ಹೊರಟ ಹುಬ್ಬಳ್ಳಿ-ಧಾರವಾಡದವರಿಗೆ ಟೂರಿನವರು ‘ಒಂದು ದಿನ ಮಲೇಷ್ಯಾ’ ಅಂತ ಸೇರಿಸಿಕೊಡುವುದುಂಟು. ಬೆಳಗ್ಗೆ ಗೈಡ್ ಜೊತೆ ಬಸ್ ಹತ್ತಿ, ಗಡಿಯಾಚೆಯ ಜೋಹೋರ್ ಬಾರು ಪೇಟೆ ನೋಡಿಕೊಂಡು ರಾತ್ರಿ ಮಲಗಲು ಸಿಂಗಪುರದ ಹೋಟೆಲಿಗೇ ಬರುವುದು. ದೂರ ಏನೂ ಇಲ್ಲ. ಎರಡು ದೇಶಗಳ ನಡುವಿನ ನೀರಿನ ಮೇಲೆ 1924ರಲ್ಲಿ ತೆರೆದ ಕಟ್ಟೆಯಂಥ ರಸ್ತೆ, ಕಾಸ್‌ವೇ ಇದೆ, ಉದ್ದ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಆದರೆ ಅಷ್ಟು ದಾರಿಗೆ ನಾಲ್ಕು ತಪಾಸಣೆ: ಹೋಗುವಾಗ ಸಿಂಗಪುರ ಬಿಡುವುದು, ಮಲೇಷ್ಯಾ ಸೇರುವುದು, ಬರುವಾಗ ಮಲೇಷ್ಯಾ ಬಿಡುವುದು, ಸಿಂಗಪುರ ಸೇರುವುದು. ಇಡೀ ದಿನದ ಸುಖ-ದುಃಖ ಈ ನಾಲ್ಕು ಕೌಂಟರಿನಲ್ಲೇ ಇದೆ.

ಮೊದಲು ಸಿಂಗಪುರದ ವೀಸಾ ಕಾಗದ ತೆಗೆದು ಓದಿ. ಅದರಲ್ಲಿ ‘ಮಲ್ಟಿಪಲ್’ ಎಂಬ ಪದ ಇರಲೇಬೇಕು. ಒಂದೇ ಸಲದ ಪ್ರವೇಶದ್ದಾಗಿದ್ದರೆ ವಿಮಾನ ಇಳಿದ ದಿನವೇ ಅದು ಮುಗಿಯಿತು. ಮಲೇಷ್ಯಾಕ್ಕೆ ಹೋಗಬಹುದು, ಸಂಜೆ ವಾಪಸ್ ಒಳಗೆ ಬರಲು ಆಗುವುದಿಲ್ಲ. ‘ಗೈಡ್ ನೋಡ್ಕೋತಾರ’ ಅಂತ ಬಿಡುವ ವಿಷಯ ಇದಲ್ಲ. ಕೌಂಟರಿನಲ್ಲಿ ಗೈಡ್ ಮಾತಿಗೆ ಬೆಲೆ ಇಲ್ಲ, ನಿಮ್ಮ ಪಾಸ್‌ಪೋರ್ಟಿಗೆ ಮಾತ್ರ. ಇನ್ನು ಮಲೇಷ್ಯಾಕ್ಕೆ ಭಾರತೀಯರಿಗೆ 2023ರ ಡಿಸೆಂಬರಿನಿಂದ 30 ದಿನದವರೆಗೆ ವೀಸಾ ಬೇಕಿಲ್ಲ. ಈ ರಿಯಾಯಿತಿ 2026ರ ಡಿಸೆಂಬರ್ 31ರವರೆಗೆ ಇದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಕಡಿಮೆ ಇದ್ದರೆ ಟೂರಿಗೆ ಹಣ ಕಟ್ಟುವ ಮೊದಲೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ನವೀಕರಿಸಿಕೊಳ್ಳಿ.

ಹೆಚ್ಚಿನವರು ಮರೆಯುವುದು ಆನ್‌ಲೈನ್ ಅರ್ಜಿಗಳನ್ನು. ಒಟ್ಟು ಮೂರು ಇವೆ. ವಿಮಾನದಲ್ಲಿ ಸಿಂಗಪುರಕ್ಕೆ ಇಳಿಯುವಾಗ ಆಗಮನದ ವಿವರ ಕೊಡುವ ಒಂದು ಎಸ್‌ಜಿ ಅರೈವಲ್ ಕಾರ್ಡ್. ಮಲೇಷ್ಯಾ ಸೇರಲು ಅಲ್ಲಿನ ಅಂಥದೇ ಡಿಜಿಟಲ್ ಕಾರ್ಡ್ ಎಂಡಿಎಸಿ. ಅದೇ ದಿನ ಸಂಜೆ ರಸ್ತೆ ಮೂಲಕ ವಾಪಸ್ ಬರಲು ಇನ್ನೊಂದು ಎಸ್‌ಜಿ ಅರೈವಲ್ ಕಾರ್ಡ್. ಮೊದಲನೆಯದು ಎರಡನೇ ಸಲಕ್ಕೆ ನಡೆಯುವುದಿಲ್ಲ. ಎಲ್ಲವನ್ನೂ ಆಯಾ ದೇಶಕ್ಕೆ ಕಾಲಿಡುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಎಲ್ಲವೂ ಪುಕ್ಕಟೆ. ಹಣ ಕೇಳಿತೆಂದರೆ ಅದು ಸರ್ಕಾರದ ತಾಣವಲ್ಲ, ಮುಚ್ಚಿಬಿಡಿ.

ತುಂಬುವಾಗ ತಪ್ಪುವ ಜಾಗಗಳೂ ಗೊತ್ತಿರುವಂಥವೇ. ನಮ್ಮ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಒತ್ತಿದರೆ ಅರ್ಜಿ ಬೇರೆ ಯಾರದ್ದೋ ಆಗುತ್ತದೆ. ಹೆಸರು ಆಧಾರಿನಲ್ಲಿ ‘ಬಸವರಾಜ’, ಪಾಸ್‌ಪೋರ್ಟಿನಲ್ಲಿ ‘ಬಸವರಾಜ್’ ಅಂತಿದ್ದರೆ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನದೇ. ಗಡಿ ದಾಟುವ ಎರಡು ಅರ್ಜಿಗಳಲ್ಲಿ ಪ್ರಯಾಣದ ಬಗೆ ಕೇಳಿದಲ್ಲಿ ‘ಲ್ಯಾಂಡ್’ ಆರಿಸಿ. ವಿಮಾನದ ಸಂಖ್ಯೆ ಹಾಕಬೇಡಿ. ಬಸ್ಸಿನ ನಂಬರು ಮತ್ತು ಮಲೇಷ್ಯಾದ ವಿಳಾಸವನ್ನು ಹಿಂದಿನ ರಾತ್ರಿಯೇ ಗೈಡ್ ಹತ್ತಿರ ಕೇಳಿ ಬರೆದುಕೊಳ್ಳಿ. ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಾಸ್‌ವೇ ದಾಟುತ್ತಿದ್ದಂತೆ ಫೋನ್ ಮಲೇಷ್ಯಾದ ಟವರ್ ಹಿಡಿಯುತ್ತದೆ. ಸಿಂಗಪುರಕ್ಕಷ್ಟೇ ಇರುವ ರೋಮಿಂಗ್ ಪ್ಯಾಕು ಅಲ್ಲಿಗೆ ನಿಂತಿತು.

ಗಡಿಯಲ್ಲಿ ನಡೆಯುವುದು ಹೀಗೆ. ಸಿಂಗಪುರದ ಕಡೆಯ ತಪಾಸಣಾ ಕಟ್ಟಡವಾದ ವುಡ್‌ಲ್ಯಾಂಡ್ಸ್‌ನಲ್ಲಿ ಎಲ್ಲರೂ ಪಾಸ್‌ಪೋರ್ಟ್ ಹಿಡಿದು ಇಳಿಯಬೇಕು, ಕೌಂಟರ್ ದಾಟಿ ಆಚೆ ಬಸ್ ಹತ್ತಬೇಕು. ಕಾಸ್‌ವೇ ಮುಗಿದ ಮೇಲೆ ಮಲೇಷ್ಯಾದ ಕಟ್ಟಡದಲ್ಲಿ ಮತ್ತೆ ಇಳಿಯುವುದು. ಈ ಸಲ ಚೀಲ ಎಲ್ಲ ಕೈಯಲ್ಲಿರಬೇಕು, ಸ್ಕ್ಯಾನರಿಗೆ ಹಾಕಬೇಕು. ಒಂದೇ ಬಣ್ಣದ ಹತ್ತಾರು ಬಸ್ ನಿಂತಿರುತ್ತವೆ, ಆದ್ದರಿಂದ ಇಳಿಯುವ ಮೊದಲು ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ತಪಾಸಣೆಯ ಹಾಲಿನೊಳಗೆ ಮಾತ್ರ ಫೋಟೊ ತೆಗೆಯುವಂತಿಲ್ಲ. ಪಾಸ್‌ಪೋರ್ಟಿನಲ್ಲಿ ಮಲೇಷ್ಯಾದ ಸೀಲು ಬಿದ್ದರೆ ಅಲ್ಲೇ ನಿಂತು ತಾರೀಖು ನೋಡಿ. ಸಿಂಗಪುರ ಈಗ ಸೀಲು ಒತ್ತುವುದಿಲ್ಲ, ಇಮೇಲಿಗೆ ಪ್ರವೇಶದ ಇ-ಪಾಸ್ ಕಳಿಸುತ್ತದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವವರು ಲೋಹ ತಪಾಸಣೆಗೆ ಮೊದಲೇ ಕೈಮಾಡಿ ತೋರಿಸಿ, ‘ರಿಲಿಜಿಯಸ್’ ಎಂದು ಹೇಳಿ. ಯಂತ್ರ ಕೂಗಿದ ಮೇಲೆ ಹೇಳುವುದಕ್ಕಿಂತ ಅದು ಸಲೀಸು. ವಿಭೂತಿಯನ್ನು ಬಿಡಿ ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ ಒಯ್ಯಿರಿ. ವಯಸ್ಸಾದವರಿಗೆ ಎಸ್ಕಲೇಟರ್, ಉದ್ದನೆಯ ನಡಿಗೆ ಎರಡೂ ಇವೆ. ಮೊಣಕಾಲು ನೋವಿದ್ದರೆ ಗಾಲಿಕುರ್ಚಿಯ ಮಾತನ್ನು ಟೂರಿನವರಿಗೆ ಮುಂಚೆಯೇ ಹೇಳಿಡಿ.

ದಿನ ಆರಿಸುವುದು ನಿಮ್ಮ ಕೈಯಲ್ಲಿದ್ದರೆ ಮಂಗಳವಾರದಿಂದ ಗುರುವಾರದೊಳಗೆ ಆರಿಸಿ. ಜೋಹೋರಿನಿಂದ ಸಾವಿರಾರು ಜನ ದಿನಾ ಬೆಳಗ್ಗೆ ಸಿಂಗಪುರಕ್ಕೆ ದುಡಿಯಲು ಬಂದು ಸಂಜೆ ಮರಳುತ್ತಾರೆ. ನೀವು ಅವರ ಎದುರು ದಿಕ್ಕಿಗೆ ಹೋಗುವುದರಿಂದ ಎರಡೂ ಹೊತ್ತು ಸಾಲು ಚಿಕ್ಕದು. ಶುಕ್ರವಾರ ಸಂಜೆ, ಶನಿವಾರ ಬೆಳಗ್ಗೆ ಸಿಂಗಪುರದವರೇ ಆಚೆ ನುಗ್ಗುತ್ತಾರೆ, ಭಾನುವಾರ ಸಂಜೆ ಒಟ್ಟಿಗೆ ವಾಪಸ್. ಅರ್ಧ ಗಂಟೆಯ ಕೆಲಸ ಆಗ ಮೂರು ಗಂಟೆಗೂ ಹೋಗುತ್ತದೆ. ಬಸ್ ಯಾವ ದಾರಿ ಹಿಡಿಯುತ್ತದೆ ಅಂತಲೂ ಕೇಳಿ. ಗಡಿ ದಾಟುವ ಇನ್ನೊಂದು ದಾರಿ, 1998ರಲ್ಲಿ ತೆರೆದ ತುವಾಸ್ ಸೇತುವೆ, ಲೆಗೊಲ್ಯಾಂಡ್ ಆಟದ ಪಾರ್ಕಿನ ಕಡೆಗೆ ಹತ್ತಿರ, ಹಳೇ ಪೇಟೆಗೆ ದೂರ.

ಪೇಟೆಯಲ್ಲಿ ಬಿಡಬಾರದ್ದು ರಾಜಕಾಳಿಯಮ್ಮನ ಗಾಜಿನ ಗುಡಿ. ಗೋಡೆ, ಕಂಬ, ಚಾವಣಿ ಎಲ್ಲಕ್ಕೂ ಬಣ್ಣದ ಗಾಜಿನ ಚೂರು ಕೂರಿಸಿದ್ದಾರೆ. ಒಳಗಿನ ಆತ್ಮಲಿಂಗದ ಗರ್ಭಗುಡಿಯ ಗೋಡೆಗೆ ಸಾಲುಸಾಲಾಗಿ ರುದ್ರಾಕ್ಷಿ. ಹತ್ತಿರ ಹೋಗಿ ನೋಡಿ, ಒಂದೊಂದು ಕಾಯಿಯೂ ಬೇರೆಯಾಗಿ ಕಾಣುತ್ತದೆ. ಮಧ್ಯಾಹ್ನ ನೋಡುವವರಿಗೆ ಬಿಡುವ ಹೊತ್ತು ಬೇರೆ, ಪೂಜೆಯ ಹೊತ್ತು ಬೇರೆ; ಅದನ್ನು ಕೇಳಿಕೊಂಡೇ ಊಟದ ಸಮಯ ಇಟ್ಟುಕೊಳ್ಳಿ.

ಊಟದಲ್ಲಿ ಶಾಕಾಹಾರಿಗಳು ಜೋಪಾನ. ಮಲಯ್ ಅಡುಗೆಯ ಮೆಣಸಿನಕಾಯಿ ಚಟ್ನಿ ಸಂಬಾಲ್‌ನಲ್ಲಿ ‘ಬೆಲಚಾನ್’ ಎಂಬ ಸಿಗಡಿ ಗೊಜ್ಜು ಇರುತ್ತದೆ, ಬರೀ ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಬಾಯಿಮಾತಿಗೆ ‘ತನ್ಪಾ ತೆಲುರ್’ ಅಂದರೆ ಮೊಟ್ಟೆ ಇಲ್ಲದೆ, ‘ತನ್ಪಾ ಡಾಗಿಂಗ್’ ಅಂದರೆ ಮಾಂಸ ಇಲ್ಲದೆ. ತಮಿಳರ ಬಾಳೆಲೆ ಹೋಟೆಲಿನಲ್ಲಿ ‘ಸೈವಮ್’ ಎಂದರೆ ಸಾಕು, ಅನ್ನ-ಸಾರು-ಮೊಸರು ಬರುತ್ತದೆ. ಹಳೇ ಪೇಟೆಯ ಬೇಕರಿಗಳ ಬಾಳೆಹಣ್ಣಿನ ಕೇಕು ಹೆಸರುವಾಸಿ, ಆದರೆ ಅದರಲ್ಲಿ ಮೊಟ್ಟೆ ಇದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದರೆ ಮೊಹರಿನ ಪಾಕೀಟಿನಲ್ಲಿ ಇರಲಿ. ದುಡ್ಡು ಮಲೇಷ್ಯಾದ ರಿಂಗಿಟ್‌ನಲ್ಲೇ ಕೊಡಿ. ಒಂದು ಸಿಂಗಪುರ ಡಾಲರಿಗೆ ಮೂರು ರಿಂಗಿಟ್‌ಗೂ ಹೆಚ್ಚು ಬರುತ್ತದೆ, ಡಾಲರಿನಲ್ಲೇ ಕೊಟ್ಟರೆ ಲೆಕ್ಕ ಅಂಗಡಿಯವರದಾಗುತ್ತದೆ.

ಬರುವಾಗಿನ ಕಸ್ಟಮ್ಸ್ ಬಿಗಿ. ಮಲೇಷ್ಯಾದಿಂದ ಬರುವವರಿಗೆ ಸಿಂಗಪುರದಲ್ಲಿ ಮದ್ಯಕ್ಕೆ ಸುಂಕದ ರಿಯಾಯಿತಿ ಇಲ್ಲ, ಸಿಗರೇಟಿಗಂತೂ ಒಂದಕ್ಕೂ ಇಲ್ಲ. ಚ್ಯೂಯಿಂಗ್ ಗಮ್, ಇ-ಸಿಗರೇಟ್ ನಿಷಿದ್ಧ. ಗುಟಖಾ, ಜರ್ದಾ, ಅಗಿಯುವ ತಂಬಾಕು ಎಲ್ಲವೂ ನಿಷಿದ್ಧ. ಆದ್ದರಿಂದ ಹುಬ್ಬಳ್ಳಿಯಲ್ಲೇ ಅಂಗಿಯ ಕಿಸೆ, ಚೀಲದ ಹೊರಜೇಬು ತಿರುವಿ ಜಾಡಿಸಿಕೊಂಡು ಹೊರಡಿ. ಅಲ್ಲಿ ಒಂದು ಪಾಕೀಟು ಸಿಕ್ಕರೂ ನಿಮ್ಮನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ, ಇಡೀ ಬಸ್ಸು ನಿಮಗಾಗಿ ಕಾಯುತ್ತದೆ.