ಇಂಟಿಗ್ರಿಟಿ ಎಂದರೆ ಪ್ರಾಮಾಣಿಕತೆಯೇ ಅಲ್ಲವೇ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಕೇಂದ್ರ ಲೋಕಸೇವಾ ಆಯೋಗವು 2013ರಲ್ಲಿ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಗೆ 250 ಅಂಕಗಳ ನೀತಿಶಾಸ್ತ್ರ ಪತ್ರಿಕೆಯನ್ನು ಸೇರಿಸಿ, ಅದರ ಹೆಸರಿನಲ್ಲಿಯೇ ಇಂಟಿಗ್ರಿಟಿ ಎಂಬ ಪದವನ್ನು ಇಟ್ಟಿದೆಯಾದ್ದರಿಂದ, ಪ್ರತಿ ಹೊಸ ತಂಡದಲ್ಲಿಯೂ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಸರ್, ಇಂಟಿಗ್ರಿಟಿ ಅಂದ್ರ ಪ್ರಾಮಾಣಿಕತೆ ಅಲ್ಲೇನ್ರಿ? ಹಂಗಾದ್ರ ಆನೆಸ್ಟಿ ಅಂದ್ರೇನ್ರಿ?”

ಎರಡೂ ಲ್ಯಾಟಿನ್ನಿನಿಂದ ಬಂದವು, ಆದರೆ ಮೂಲ ಬೇರೆ ಬೇರೆ. ಆನೆಸ್ಟಿಯ ಮೂಲ ‘ಹೊನೋಸ್’, ಅಂದರೆ ಗೌರವ. ಇಂಗ್ಲಿಷಿನಲ್ಲಿಯೂ ಮೊದಮೊದಲು ಆನೆಸ್ಟ್ ಎಂದರೆ ನಾಲ್ಕು ಜನ ಒಪ್ಪುವ ಮರ್ಯಾದಸ್ಥ ಎಂದೇ ಅರ್ಥವಿದ್ದು, ಸುಳ್ಳಾಡದವನು ಎಂಬ ಅರ್ಥ ಕ್ರಮೇಣ ಗಟ್ಟಿಯಾಯಿತು. ಇಂಟಿಗ್ರಿಟಿಯ ಮೂಲ ‘ಇಂಟೆಗರ್’. ಅದರಲ್ಲಿ ‘ಇನ್’ ಎಂಬುದು ನಿಷೇಧವನ್ನು, ಉಳಿದ ಭಾಗ ‘ತಾಂಗೆರೆ’, ಅಂದರೆ ಮುಟ್ಟುವುದು ಎಂಬ ಕ್ರಿಯೆಯನ್ನು ಸೂಚಿಸುತ್ತದೆ. ಒಟ್ಟಿನಲ್ಲಿ ಯಾರೂ ಕೈಯಿಟ್ಟು ಕೆಡಿಸದೆ ಇಡಿಯಾಗಿ ಉಳಿದದ್ದು. ಪೂರ್ಣಾಂಕಕ್ಕೆ ಇಂಗ್ಲಿಷಿನಲ್ಲಿ ಇಂಟಿಜರ್ ಎನ್ನುವುದೂ ಇದೇ ಪದದಿಂದಲೇ. ಲ್ಯಾಟಿನ್ನಿನಲ್ಲಿಯೇ ಇದಕ್ಕೆ ನಡತೆಯ ನಿರ್ಮಲತೆ ಎಂಬ ಅರ್ಥವೂ ಕೂಡಿಕೊಂಡಿತ್ತು.

ಹಳೆಯ ಅರ್ಥವೇನೂ ಅಳಿದಿಲ್ಲ. ಸೇತುವೆಯಲ್ಲಿ ಬಿರುಕು ಹುಡುಕುವ ಇಂಜಿನಿಯರು ಸ್ಟ್ರಕ್ಚರಲ್ ಇಂಟಿಗ್ರಿಟಿ ಎನ್ನುತ್ತಾರೆ. 1976ರ 42ನೆಯ ತಿದ್ದುಪಡಿಯು ಸಂವಿಧಾನದ ಪ್ರಸ್ತಾವನೆಯಲ್ಲಿ ರಾಷ್ಟ್ರದ ಏಕತೆಯ ಜೊತೆಗೆ ಸೇರಿಸಿದ್ದೂ ಇದೇ ಪದವನ್ನು. ಕನ್ನಡ ಪಾಠದಲ್ಲಿ ಅದು ‘ಅಖಂಡತೆ’. ಅಲ್ಲಿ ಪ್ರಾಮಾಣಿಕತೆ ಎಂದು ಇಟ್ಟು ಓದಿ ನೋಡಿರೆಂದರೆ ಹುಡುಗರು ನಗುತ್ತಾರೆ, ಅರ್ಧ ಉತ್ತರ ಅಲ್ಲಿಗೇ ಸಿಕ್ಕಂತೆ.

ಉಳಿದರ್ಧಕ್ಕೆ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಲು ಹೇಳುತ್ತೇನೆ. ಆತ ಲಂಚ ಮುಟ್ಟುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ತನ್ನ ಓಣಿಯವರು ಬಂದರೆ ಅವರ ಫೈಲನ್ನು ಅಡಿಯಿಂದೆಳೆದು ಮೇಲಿಡುತ್ತಾನೆ, ಸಾಹೇಬರು ರಜೆಯಲ್ಲಿದ್ದರೆ ಮೂರು ಗಂಟೆಗೇ ಮನೆಯ ದಾರಿ ಹಿಡಿಯುತ್ತಾನೆ. ಯಾಕಪ್ಪಾ ಎಂದರೆ, “ನಮ್ಮವರು ಅಂತ ಮಾಡಿಕೊಟ್ಟೇನ್ರಿ” ಎಂದು ನಿಜವನ್ನೇ ಹೇಳುತ್ತಾನೆ. ಆತ ಆನೆಸ್ಟ್ ಹೌದು. ಆದರೆ ಎದುರಿಗೆ ಯಾರಿದ್ದಾರೆ, ಯಾರಿಲ್ಲ ಎಂಬುದರ ಮೇಲೆ ಆತನ ನಡತೆ ಬದಲಾಗುತ್ತಿರುವುದರಿಂದ ಇಂಟಿಗ್ರಿಟಿ ಇಲ್ಲ. ಸರ್ಕಾರಿ ನೌಕರರ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಈ ಪದಕ್ಕೊಂದು ಪ್ರತ್ಯೇಕ ಅಂಕಣವೇ ಇರುವುದುಂಟು. ಅಲ್ಲಿ ಅದನ್ನು ಬರೀ ಲಂಚದ ಮಾತಾಗಿ ಓದುವುದು ಪದಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಉತ್ತರ ಬರೆಯುವವರು ‘ಸಮಗ್ರತೆ’ ಎಂದು ಬರೆಯುವುದುಂಟು. ನನಗಂತೂ ಆ ಪದ ಕಂಡಾಗ ಯಾರದೋ ಸಮಗ್ರ ಸಾಹಿತ್ಯದ ಸಂಪುಟಗಳೇ ನೆನಪಾಗುತ್ತವೆ. ‘ಋಜುತ್ವ’ ಎಂದು ಬರೆದು, ಮೊದಲ ವಾಕ್ಯದಲ್ಲಿಯೇ ‘ನಡೆನುಡಿಯ ಅಖಂಡತೆ’ ಎಂದು ಬಿಡಿಸಿ ಹೇಳಿರೆಂದು ನಾನು ಸೂಚಿಸುತ್ತೇನೆ.