ಕಂಪ್ಯೂಟರ್ ಹಳ್ಳಿಯಲ್ಲಿ ಎಚ್‌ಪಿವಿ: ಗೆರೆ ಯಾಕೆ ಇಳಿಯುತ್ತಿಲ್ಲ?

ಹೋದ ಸಲ ಬರೆದಾಗ ಹಳ್ಳಿ ಖಾಲಿ ಇತ್ತು. ಈಗ ಜನ ಬಂದಿದ್ದಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿದ ಈ ಕಾಲ್ಪನಿಕ ಊರಲ್ಲಿ ಪ್ರತಿಯೊಬ್ಬರಿಗೂ ವಯಸ್ಸು, ಮದುವೆ, ಸಂಗಾತಿ ಎಲ್ಲ ಇದೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಇವರ ನಡುವೆ ಹೇಗೆ ದಾಟುತ್ತದೆ ಅಂತ ನೋಡಬೇಕು.

ಹೋಲಿಸಿ ನೋಡಲು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯನ್ನು ಆರಿಸಿಕೊಂಡೆ. ಅಲ್ಲಿನ ಹಳ್ಳಿಗಳ ಸುಮಾರು 1,900 ವಿವಾಹಿತ ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 17 ಮಂದಿಯಲ್ಲಿ ವೈರಸ್ ಇತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಂಖ್ಯೆಯಲ್ಲ, ವಯಸ್ಸಿನ ಗೆರೆ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಸೋಂಕು ಅಂತ ತೋರಿಸುವ ಗೆರೆ. ಪಶ್ಚಿಮದ ಬಹಳಷ್ಟು ದೇಶಗಳಲ್ಲಿ ಸೋಂಕು ಇಪ್ಪತ್ತರ ಆಸುಪಾಸಿನಲ್ಲಿ ಏರಿ, ಆಮೇಲೆ ಇಳಿಯುತ್ತದೆ. ದಿಂಡಿಗಲ್‌ನಲ್ಲಿ ಹಾಗಿಲ್ಲ. ಹೊಸ ಸೊಸೆಯಿಂದ ಅತ್ತೆಯ ವಯಸ್ಸಿನವರ ತನಕ ಹೆಚ್ಚುಕಡಿಮೆ ಒಂದೇ ಮಟ್ಟ.

ಒಂದು ಲೈಂಗಿಕ ಸಂಪರ್ಕದಲ್ಲಿ ವೈರಸ್ ದಾಟುವ ಸಾಧ್ಯತೆಗೆ ಶೇ. 40 ಹಾಕಿದ್ದೇನೆ. ಕೆನಡಾದ ಸಂಶೋಧಕರು 2006ರಲ್ಲಿ ಮಾಡಿದ ಲೆಕ್ಕದ ನಡು ಅಂದಾಜು ಅದು. ಅವರ ಲೆಕ್ಕ ಶೇ. 5ರಿಂದ 100ರವರೆಗೂ ಹರಡಿತ್ತು ಅನ್ನಿ! ಕಾಂಡೋಮ್ ಹಾಕಿದರೆ ಸಾಧ್ಯತೆ ತಗ್ಗುತ್ತದೆ, ಸೊನ್ನೆ ಆಗುವುದಿಲ್ಲ. ಈ ವೈರಸ್ ಚರ್ಮಕ್ಕೆ ಚರ್ಮ ತಾಗಿದರೂ ದಾಟುತ್ತದೆ ಅಲ್ವಾ. ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿ ಮಾಯವಾಗುತ್ತದೆ. ಅದನ್ನೂ ಸೇರಿಸಿದೆ.

ಮೊದಲು ಎಲ್ಲರಿಗೂ ಒಬ್ಬರೇ ಸಂಗಾತಿ ಅಂತ ಇಟ್ಟೆ. ಎಷ್ಟು ಸಲ ಪ್ರೋಗ್ರಾಂ ಓಡಿಸಿದರೂ ವೈರಸ್ ಊರಿಂದ ಕಾಲ್ಕಿತ್ತಿತು. ಆಮೇಲೆ ಕೆಲವು ಗಂಡಸರನ್ನು ಗುಳೆ ಕಳಿಸಿ, ಅಲ್ಲಿ ಬೇರೆ ಸಂಬಂಧಕ್ಕೂ ಜಾಗ ಕೊಟ್ಟೆ. ಆಗ ವೈರಸ್ ಊರಲ್ಲಿ ನೆಲೆ ನಿಂತಿತು. ಗಂಡನನ್ನು ಬಿಟ್ಟು ಯಾರನ್ನೂ ಅರಿಯದ ಹೆಂಡತಿಯರಿಗೂ ಬಂತು. ಗಂಡಸರಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ, ಹಾಗಾಗಿ ಅವರಿಗೂ ಗೊತ್ತಾಗುವುದಿಲ್ಲ.

ಆದರೆ ಗೆರೆ ಮದುವೆಯಾದ ಹೊಸತರಲ್ಲಿ ಏರಿ, ನಂತರ ಇಳಿದೇಬಿಟ್ಟಿತು. ದಿಂಡಿಗಲ್‌ನ ಹಾಗೆ ಚಪ್ಪಟೆ ಆಗಬೇಕಾದರೆ ಏನಾದರೂ ಬದಲಿಸಬೇಕು. ಒಮ್ಮೆ ಸೋಂಕಾದ ಮೇಲೆ ಬರುವ ರಕ್ಷಣೆಯನ್ನು ಕಡಿಮೆ ಮಾಡಿದೆ. ಗಂಡ ಹೆಂಡತಿ ಒಬ್ಬರಿಂದೊಬ್ಬರಿಗೆ ಮತ್ತೆ ಮತ್ತೆ ದಾಟಿಸಿಕೊಂಡರು, ಗೆರೆ ಚಪ್ಪಟೆಯಾಯಿತು. ಅದನ್ನು ಹಿಂದೆಗೆದು, ಹಳೆಯ ವೈರಸ್ ಮೈಯಲ್ಲೇ ಅಡಗಿದ್ದು ವರ್ಷಗಳ ನಂತರ ಎದ್ದು ಬರುವಂತೆ ಮಾಡಿದೆ. ಆಗಲೂ ಚಪ್ಪಟೆ! ಗೆರೆ ಒಂದನ್ನೇ ನೋಡಿ ಯಾವುದು ನಿಜ ಅಂತ ಹೇಳಲು ಆಗದು.

ಇದು ಬರೀ ಲೆಕ್ಕದ ತಲೆನೋವಲ್ಲ. ಕೋಡ್ ನೋಡಿದ ಗೆಳೆಯನೊಬ್ಬ, "ಹಾಗಾದ್ರೆ ಸೋಂಕು ಸಿಕ್ಕಿದರೆ ಯಾರೋ ದಾರಿ ತಪ್ಪಿದ್ದಾರೆ ಅಂತ ಅರ್ಥನಾ?" ಅಂದ. ಅಲ್ಲ. ವರ್ಷಗಟ್ಟಲೆ ಅಡಗಿರಬಲ್ಲ ವೈರಸ್ ಯಾವಾಗ ಬಂತು, ಯಾರಿಂದ ಬಂತು ಅಂತ ಪರೀಕ್ಷೆ ಹೇಳುವುದಿಲ್ಲ. ಮದುವೆಗೆ ಮುಂಚಿನದೂ ಇರಬಹುದು. ಸುಮ್ನೆ ಮನೆಯಲ್ಲಿ ಜಗಳ ಆಗುತ್ತದೆ ಅಷ್ಟೇ.

ಮುಂದಿನ ಕೆಲಸ: ಎಚ್‌ಪಿವಿಯ ಎಲ್ಲ ತಳಿಗಳನ್ನೂ ಒಂದೇ ಅಂತ ಲೆಕ್ಕ ಹಾಕುವುದನ್ನು ಬಿಟ್ಟು 16 ಮತ್ತು 18 ಎಂಬ ತಳಿಗಳನ್ನು ಬೇರೆ ಮಾಡಬೇಕು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಇವೆರಡೇ ಕಾರಣ. ಆಮೇಲೆ ಲಸಿಕೆ. ಹುಡುಗಿಯರಿಗೆ ಒಂದು ಡೋಸ್ ಕೊಟ್ಟರೂ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದೇ ಒಂದು ಡೋಸನ್ನು ಹಾಕಿ, ಗುಳೆ ಹೋಗುವವರ ಸಂಖ್ಯೆಯನ್ನು ಹಾಗೇ ಬಿಟ್ಟು ಓಡಿಸುತ್ತೇನೆ.